ಮನೆ ಇಂಟರ್ನೆಟ್‌ಗೆ 15 ಮೀಟರ್ ಫೈಬರ್ ಕೇಬಲ್ ತಂದೆ, ಹೊಂದುತ್ತಿಲ್ಲ. ಯಾವುದು ತರಬೇಕಿತ್ತು?

ಮೇಲಿನಕೋಣೆ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಇದರಲ್ಲೇ ಒದ್ದಾಡುತ್ತಿದ್ದೇನೆ. ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ.

ನಾನು ಮಕ್ಕಳಿಗೆ ಗಣಿತ ಹೇಳಿಕೊಡುವ ವಿಡಿಯೊ ಮಾಡುತ್ತೇನೆ. ಮೇಲಿನ ಮಹಡಿಯ ಕೋಣೆಯಲ್ಲಿ ಕೂತು ರೆಕಾರ್ಡ್ ಮಾಡಿ ಅಲ್ಲಿಂದಲೇ ಕಳಿಸಬೇಕು. ಮೋಡೆಮ್ ಇರುವುದು ಕೆಳಗೆ ಹಾಲ್‌ನಲ್ಲಿ. ನಡುವೆ ದಪ್ಪನೆಯ ಕಾಂಕ್ರೀಟ್ ಇದೆ, ವೈಫೈ ಅಲ್ಲಿಗೆ ಬರುವಷ್ಟರಲ್ಲಿ ಸೋತು ಹೋಗಿರುತ್ತದೆ. ಅದಕ್ಕೆ ಮೋಡೆಮನ್ನೇ ಮೇಲೆ ಇಡೋಣ ಅಂದುಕೊಂಡೆ.

ಮನೆಯ ವ್ಯವಸ್ಥೆ ಹೀಗಿದೆ. ಹೊರಗಿನಿಂದ ಕಪ್ಪು ಕೇಬಲ್ ಬಂದು ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಪುಟ್ಟ ಬಿಳಿ ಡಬ್ಬಿಗೆ ಸೇರುತ್ತದೆ. ಆ ಡಬ್ಬಿಯಿಂದ ತೆಳ್ಳಗಿನ ಬಿಳಿ ಕೇಬಲ್, ಸುಮಾರು 3 ಮೀಟರ್, ಮೋಡೆಮ್‌ಗೆ ಹೋಗುತ್ತದೆ. ಡಬ್ಬಿಯಿಂದ ಮೇಲಿನ ಕೋಣೆಯ ಮೇಜಿನವರೆಗೆ ದಾರ ಹಿಡಿದು ಅಳೆದೆ. ಮೆಟ್ಟಿಲ ಅಂಚು, ಮೂರು ಮೂಲೆ ಎಲ್ಲ ಸೇರಿ ಹನ್ನೆರಡೂವರೆ ಮೀಟರ್. ಹಾಗಾಗಿ 15 ಮೀಟರ್‌ನ ಕೇಬಲ್ ತಂದೆ. ತರುವ ಮೊದಲು ಮೋಡೆಮ್‌ನ ಕೆಳಗಡೆ ಸಿಕ್ಕಿಸಿದ್ದ ತುದಿಯ ಫೋಟೊ ತೆಗೆದುಕೊಂಡು ಹೋಗಿ ತೋರಿಸಿದ್ದೆ. ನೀಲಿ ಬಣ್ಣದ ಚೌಕ ತುದಿ. ಅಂಗಡಿಯವರು ಹಳದಿ ಕೇಬಲ್ ಕೊಟ್ಟರು, ಎರಡೂ ತುದಿ ನೀಲಿ.

ಎರಡೂ ಕಡೆ ಟಕ್ ಎಂದು ಕೂತಿತು. ಇಂಟರ್ನೆಟ್ ಕೂಡ ಬಂತು. ಖುಷಿಯಾಯಿತು. ಆದರೆ ಅರ್ಧ ಗಂಟೆಗೊಮ್ಮೆ ಎಲ್‌ಒಎಸ್ ಎಂದು ಬರೆದಿರುವ ಕೆಂಪು ದೀಪ ಮಿನುಗುತ್ತದೆ, ಸಂಪರ್ಕ ಹೋಗುತ್ತದೆ, ಎರಡು ನಿಮಿಷ ಬಿಟ್ಟು ಮತ್ತೆ ಬರುತ್ತದೆ. ಮೋಡೆಮ್‌ನ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ ಎಂದು ಒಂದು ಅಂಕಿ ತೋರಿಸುತ್ತದೆ. ಹಳೆ ಕೇಬಲ್‌ನಲ್ಲಿ −19.4 ಇತ್ತು. ಹೊಸದರಲ್ಲಿ −27.1. ಹಳೆಯದನ್ನೇ ವಾಪಸ್ ಹಾಕಿದರೆ ಮತ್ತೆ −19.4, ಎಲ್ಲ ಸರಿ.

ತಮ್ಮ ಹೇಳುತ್ತಾನೆ, "ಅಕ್ಕಾ, 15 ಮೀಟರ್ ಜಾಸ್ತಿ ಆಯ್ತು, ಬೆಳಕು ಅಷ್ಟು ದೂರ ಬರೋದಿಲ್ಲ" ಅಂತ. ಕೇಬಲ್ ಕೊಟ್ಟವರು ಫೈಬರ್ ಎಲ್ಲ ಒಂದೇ ಅನ್ನುತ್ತಾರೆ. ಯಾರ ಮಾತು ಸರಿ? ಉದ್ದದಿಂದ ಹೀಗಾಯಿತಾ? ಇನ್ನೊಂದು ಕೊಳ್ಳುವುದಾದರೆ ಅದರ ಮೇಲೆ ಏನು ಬರೆದಿರಬೇಕು?

ಸಂಜೆದೀಪ

ನೀಲಿ ತಂದದ್ದೇ ತಪ್ಪಾಯಿತು ನೋಡಿ. ಮನೆ ಇಂಟರ್ನೆಟ್‌ಗೆ ಹಸಿರು ತುದಿಯದ್ದೇ ಬೇಕು. ಎರಡೂ ಕಡೆ ಹಸಿರು ಇರುವುದನ್ನು ಕಣ್ಣು ಮುಚ್ಚಿಕೊಂಡು ತನ್ನಿ, ಸರಿಹೋಗುತ್ತದೆ. ನಮ್ಮ ಮನೆಯಲ್ಲಿ ಹಾಗೇ ಇದೆ.

ಗಾಜಿನೆಳೆ

ಮೇಡಂ, ದಯವಿಟ್ಟು ಕಣ್ಣು ಮುಚ್ಚಿಕೊಂಡು ತರಬೇಡಿ. ಸಂಜೆದೀಪ ಅವರ ಮನೆಗೆ ಅದು ಸರಿ, ನಿಮ್ಮ ಮನೆಗೆ ಸರಿಯೋ ಇಲ್ಲವೋ ಇನ್ನೂ ಗೊತ್ತಿಲ್ಲ. ನಾನು ಫೈಬರ್ ಜೋಡಿಸುವ ಕೆಲಸದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮೊದಲು ಒಂದು ಕೆಲಸ ಮಾಡಿ. ನಿಮ್ಮ ಹಳೆ ಬಿಳಿ ಕೇಬಲ್‌ನ ಎರಡೂ ತುದಿ ನೋಡಿ. ನೀವು ಫೋಟೊ ತೆಗೆದದ್ದು ಮೋಡೆಮ್ ಕಡೆಯದು ಮಾತ್ರ. ಗೋಡೆ ಡಬ್ಬಿಯ ಕಡೆ ಯಾವ ಬಣ್ಣ ಇದೆ? ಡಬ್ಬಿಯ ಒಳಗಿನ ಸಾಕೆಟ್ ಯಾವ ಬಣ್ಣ? ಕೇಬಲ್ ಮೈಮೇಲೆ ಸಣ್ಣ ಅಕ್ಷರದಲ್ಲಿ ಏನೋ ಅಚ್ಚಾಗಿರುತ್ತದೆ, ಅದನ್ನೂ ಓದಿ ಇಲ್ಲಿ ಹಾಕಿ.

ಅಷ್ಟರೊಳಗೆ ಬಣ್ಣದ ವಿಷಯ ಹೇಳುತ್ತೇನೆ. ಎಲ್ಲರೂ ಎಡವುವ ಜಾಗ ಅದೇ.

ನಿಮ್ಮ ಚೌಕ ತುದಿಗೆ ಎಸ್‌ಸಿ ಎನ್ನುತ್ತಾರೆ. ಅದರ ನಡುವೆ ಬಿಳಿ ಪಿಂಗಾಣಿಯ ಒಂದು ಪುಟ್ಟ ಕಡ್ಡಿ ಇದೆಯಲ್ಲ, ಎರಡೂವರೆ ಮಿಲಿಮೀಟರ್ ದಪ್ಪ, ಅದರ ಮಧ್ಯದಲ್ಲಿ ಗಾಜಿನ ಎಳೆ ಇರುತ್ತದೆ. ಕಡ್ಡಿಯ ತುದಿಯನ್ನು ಹೇಗೆ ಉಜ್ಜಿ ನಯ ಮಾಡಿದ್ದಾರೆ ಎನ್ನುವುದನ್ನು ಬಣ್ಣ ಹೇಳುತ್ತದೆ. ನೀಲಿ ಅಂದರೆ ಯುಪಿಸಿ: ತುದಿ ನೇರ, ಸ್ವಲ್ಪ ಗುಮ್ಮಟದ ಹಾಗೆ. ಹಸಿರು ಅಂದರೆ ಎಪಿಸಿ: ತುದಿ 8 ಡಿಗ್ರಿ ಓರೆ. ಓರೆ ಮಾಡಿದ್ದು ಸುಮ್ನೆ ಅಲ್ಲ. ಎರಡು ಗಾಜು ಸೇರುವ ಕಡೆ ಸ್ವಲ್ಪ ಬೆಳಕು ಹಿಂದಕ್ಕೆ ಪುಟಿಯುತ್ತದೆ. ತುದಿ ನೇರವಾಗಿದ್ದರೆ ಅದು ಬಂದ ದಾರಿಯಲ್ಲೇ ಕಳಿಸಿದವರ ಕಡೆಗೆ ವಾಪಸ್ ಹೋಗಿ ತೊಂದರೆ ಕೊಡುತ್ತದೆ. ಓರೆ ಇದ್ದರೆ ಪಕ್ಕಕ್ಕೆ ಸಿಡಿದು ಅಲ್ಲೇ ಸಾಯುತ್ತದೆ.

ಈಗ ನೀಲಿಯನ್ನು ಹಸಿರು ಸಾಕೆಟ್‌ಗೆ ಸಿಕ್ಕಿಸಿದರೆ ಏನಾಗುತ್ತದೆ? ಹೊರಗಿನ ಪ್ಲಾಸ್ಟಿಕ್ ಅಳತೆ ಒಂದೇ, ಹಾಗಾಗಿ ಟಕ್ ಎಂದು ಕೂರುತ್ತದೆ. ಒಳಗೆ ಮಾತ್ರ ಒಂದು ಓರೆ, ಒಂದು ನೇರ. ಎರಡೂ ಗಾಜು ಮುಟ್ಟುವುದೇ ಇಲ್ಲ. ಕೂದಲಿಗಿಂತ ಸಣ್ಣ ಸಂದು ಉಳಿಯುತ್ತದೆ, ಆ ಸಂದಿನಲ್ಲಿ ಗಾಳಿ ಇರುತ್ತದೆ. ನಿಮ್ಮ ಬೆಳಕು ಬಹುಶಃ ಅಲ್ಲೇ ಹೋಗಿದೆ. ಟಕ್ ಶಬ್ದ ಕೇಳಿದ ತಕ್ಷಣ ಹೊಂದಿತು ಎಂದು ನಂಬಿಬಿಡುತ್ತೇವೆ, ಅಲ್ವಾ? ಆ ಶಬ್ದ ಪ್ಲಾಸ್ಟಿಕ್‌ನದ್ದು, ಗಾಜಿನದ್ದಲ್ಲ.

ನಿಮ್ಮ ಅಂಕಿ ನೋಡಿ. −19.4ರಿಂದ −27.1ಕ್ಕೆ ಇಳಿದಿದೆ, ಅಂದರೆ 7.7 ಡಿಬಿ (ಡೆಸಿಬೆಲ್) ಕಡಿಮೆ. ಪ್ರತಿ 3 ಡಿಬಿಗೆ ಬೆಳಕು ಅರ್ಧ ಆಗುತ್ತದೆ. ಲೆಕ್ಕ ಹಾಕಿದರೆ ಮೊದಲು ಬರುತ್ತಿದ್ದ ಬೆಳಕಿನಲ್ಲಿ ಆರನೇ ಒಂದು ಪಾಲು ಮಾತ್ರ ಈಗ ಮೋಡೆಮ್‌ಗೆ ತಲುಪುತ್ತಿದೆ. ಮನೆಗಳಲ್ಲಿ ಜಾಸ್ತಿ ಬಳಸುವ ಜಿಪಾನ್ ಎನ್ನುವ ವ್ಯವಸ್ಥೆಯಲ್ಲಿ, ಬಿ ಪ್ಲಸ್ ವರ್ಗದ ಮೋಡೆಮ್ −8ರಿಂದ −27 ಡಿಬಿಎಂವರೆಗೆ (ನಿಮ್ಮ ಪುಟದ ಅಂಕಿಯ ಅಳತೆ ಅದೇ) ಬೆಳಕನ್ನು ಗುರುತಿಸಬೇಕು ಎಂಬುದು ನಿಯಮ. ನೀವು ಸರಿಯಾಗಿ ಅಂಚಿನ ಮೇಲೆ ನಿಂತಿದ್ದೀರಿ. ಅದಕ್ಕೇ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ.

ನಿಮ್ಮ ತಮ್ಮನ ಮಾತಿಗೆ ಬರೋಣ. ಉದ್ದದ ಬಗ್ಗೆ ಅವರ ಭಯ ಸಹಜ. ತಾಮ್ರದ ತಂತಿ ಬಳಸಿದವರಿಗೆಲ್ಲ ಆ ಭಯ ಇರುತ್ತದೆ. ಆದರೆ ಈ ಗಾಜಿನಲ್ಲಿ ಒಂದು ಕಿಲೋಮೀಟರ್ ಹೋದರೆ 1310 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಕಳೆದುಕೊಳ್ಳುವುದು ಸುಮಾರು 0.35 ಡಿಬಿ. ಹದಿನೈದು ಮೀಟರ್‌ಗೆ ಅದು 0.005 ಡಿಬಿ. ನಿಮ್ಮ ಮೋಡೆಮ್ ಅದನ್ನು ತೋರಿಸುವುದೂ ಇಲ್ಲ. 1966ರಲ್ಲಿ ಎಂಜಿನಿಯರ್‌ಗಳಾದ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಒಂದು ಲೇಖನ ಬರೆದಾಗ, ಕಿಲೋಮೀಟರ್‌ಗೆ 20 ಡಿಬಿಗೆ ಇಳಿಸಿದರೆ ಸಾಕು, ಗಾಜಿನಲ್ಲಿ ಮಾತು ಕಳಿಸಬಹುದು ಎಂದರು. ಆಗಿನ ಗಾಜು ಕಿಲೋಮೀಟರ್‌ಗೆ ಸಾವಿರ ಡಿಬಿ ನುಂಗುತ್ತಿತ್ತು. 1970ರಲ್ಲಿ ಕಾರ್ನಿಂಗ್ ಎನ್ನುವ ಗಾಜಿನ ಕಂಪನಿಯ ಮೂವರು 17ಕ್ಕೆ ತಂದರು. ಇವತ್ತು ಅರ್ಧ ಡಿಬಿಗಿಂತಲೂ ಕಡಿಮೆ. ಹನ್ನೊಂದು ವರ್ಷ ಇದನ್ನೇ ಮುಟ್ಟುತ್ತಿದ್ದರೂ ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಹಾಗಾಗಿ ಉದ್ದದ ಚಿಂತೆ ಬಿಡಿ, ತುದಿಯ ಚಿಂತೆ ಮಾಡಿ.

ಇನ್ನೊಂದು ಮಾತು. ನೀಲಿ ತುದಿ ಹಸಿರು ಸಾಕೆಟ್‌ನಲ್ಲಿ ಇದ್ದರೆ ಮತ್ತೆ ಮತ್ತೆ ಹಾಕಿ ತೆಗೆದು ನೋಡಬೇಡಿ. ಓರೆ ಅಂಚು ಇನ್ನೊಂದರ ಮುಖಕ್ಕೆ ಒತ್ತಿ ಗೀರಬಹುದು. ಗೋಡೆ ಡಬ್ಬಿಯೊಳಗಿನ ತುದಿ ಗೀರಿದರೆ ಅದನ್ನು ನೀವೇ ಸರಿಮಾಡಲು ಆಗುವುದಿಲ್ಲ.

ಮೇಲಿನಕೋಣೆ

ಸಾರ್, ಈಗಷ್ಟೇ ಟಾರ್ಚ್ ಹಿಡಿದು ನೋಡಿದೆ. ಗೋಡೆ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಹಸಿರು ಸಾಕೆಟ್! ಹಳೆ ಬಿಳಿ ಕೇಬಲ್‌ನ ಆ ಕಡೆಯ ತುದಿ ಹಸಿರು, ಮೋಡೆಮ್ ಕಡೆಯದು ನೀಲಿ. ಮೋಡೆಮ್‌ನ ಸಾಕೆಟ್ ಕೂಡ ನೀಲಿ. ಮೂರು ವರ್ಷದಿಂದ ಮನೆಯಲ್ಲೇ ಇದ್ದರೂ ಒಂದು ದಿನವೂ ಆ ಕಡೆ ನೋಡಿರಲಿಲ್ಲ.

ಕೇಬಲ್ ಮೇಲೆ ಅಚ್ಚಾಗಿರುವುದು: ಎಸ್‌ಎಂ, 9/125, ಜಿ.657.ಎ2, ಎಲ್‌ಎಸ್‌ಝಡ್‌ಎಚ್. ಹೊಸ ಹಳದಿ ಕೇಬಲ್ ಮೇಲೆ: ಎಸ್‌ಎಂ, 9/125, ಜಿ.652.ಡಿ. ಇದರಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ ಗೊತ್ತಾಗುತ್ತಿಲ್ಲ. ಒಂದು ಕಡೆ ಹಸಿರು, ಇನ್ನೊಂದು ಕಡೆ ನೀಲಿ ಇರುವ ಕೇಬಲ್ ಕೊಳ್ಳಲು ಸಿಗುತ್ತದಾ? ಅಥವಾ ಎರಡನ್ನೂ ಸೇರಿಸುವ ಜೋಡಕ ಏನಾದರೂ ಹಾಕಬಹುದಾ?

ಸಂಜೆದೀಪ

ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಎರಡೂ ಹಸಿರು ತಂದಿದ್ದರೆ ಅದೇ ತೊಂದರೆ ಮೋಡೆಮ್ ಕಡೆ ಆಗುತ್ತಿತ್ತು. ನಮ್ಮ ಮನೆ ಮೋಡೆಮ್‌ನ ಸಾಕೆಟ್ ಹಸಿರು, ಎಲ್ಲ ಕಡೆಯೂ ಹಾಗೇ ಅಂದುಕೊಂಡಿದ್ದೆ. ಕ್ಷಮಿಸಿ.

ಗಾಜಿನೆಳೆ

ಸಿಗುತ್ತದೆ ಮೇಡಂ. "ಎಸ್‌ಸಿ ಎಪಿಸಿ ಟು ಎಸ್‌ಸಿ ಯುಪಿಸಿ, ಸಿಂಗಲ್ ಮೋಡ್, ಸಿಂಪ್ಲೆಕ್ಸ್, 15 ಮೀಟರ್ ಪ್ಯಾಚ್ ಕಾರ್ಡ್" ಎಂದು ಕೇಳಿ. ಪ್ಯಾಚ್ ಕಾರ್ಡ್ ಅಂದರೆ ಎರಡೂ ಕಡೆ ತುದಿ ಜೋಡಿಸಿಯೇ ಬರುವ ಕೇಬಲ್. ಒಂದೊಂದು ಪದವೂ ಬೇಕು, ಒಂದನ್ನೂ ಬಿಡಬೇಡಿ. ಮೋಡೆಮ್ ತಯಾರಿಸುವವರಲ್ಲಿ ಕೆಲವರು ಹಸಿರು ಸಾಕೆಟ್ ಇಡುತ್ತಾರೆ, ಕೆಲವರು ನೀಲಿ. ಗೋಡೆ ಕಡೆ ಸಾಮಾನ್ಯವಾಗಿ ಹಸಿರು. ಅದಕ್ಕೇ ಎರಡು ಬಣ್ಣದ ಕಾರ್ಡ್ ಅಪರೂಪವೇನಲ್ಲ. ನಿಮ್ಮ ಮನೆಗೆ ಮೊದಲು ಬಂದು ಜೋಡಿಸಿದವರು ಅದನ್ನು ಸರಿಯಾಗಿಯೇ ಮಾಡಿದ್ದಾರೆ.

ಜೋಡಕ ಹಾಕಿ ಹಳೆಯ 3 ಮೀಟರ್‌ಗೆ ಹೊಸದನ್ನು ಸೇರಿಸಬಹುದು, ಕೆಲಸವೂ ಆಗುತ್ತದೆ. ಆದರೂ ಬೇಡ ಅನ್ನುತ್ತೇನೆ. ಪ್ರತಿ ಜೋಡಣೆಯಲ್ಲಿ ಸುಮಾರು 0.3 ಡಿಬಿ ಹೋಗುತ್ತದೆ. ಒಂದು ಕಿಲೋಮೀಟರ್‌ಗೆ 0.35 ಎಂದೆನಲ್ಲ, ಅಂದರೆ ಒಂದು ಜೋಡಕ ಹಾಕುವುದೂ ಮುಕ್ಕಾಲು ಕಿಲೋಮೀಟರ್‌ಗಿಂತ ಜಾಸ್ತಿ ಕೇಬಲ್ ಹಾಕುವುದೂ ಒಂದೇ. ಬೆಳಕಿನ ಲೆಕ್ಕದಲ್ಲಿ ನಿಮಗೆ ಅಷ್ಟು ಹೋದರೂ ತೊಂದರೆ ಇಲ್ಲ. ಆದರೆ ಅಲ್ಲಿ ದೂಳು ಕೂರುತ್ತದೆ, ಗುಡಿಸುವಾಗ ಕಾಲಿಗೋ ಪೊರಕೆಗೋ ಸಿಕ್ಕಿ ಸಡಿಲ ಆಗುತ್ತದೆ. ನಡುವೆ ಗಂಟಿಲ್ಲದ ಒಂದೇ ಕೇಬಲ್ ನೆಮ್ಮದಿ.

ಅಚ್ಚಾಗಿರುವ ಅಕ್ಷರಗಳ ಅರ್ಥ ಕೇಳಿದಿರಿ. ಎಸ್‌ಎಂ ಅಂದರೆ ಸಿಂಗಲ್ ಮೋಡ್. 9/125 ಅಂದರೆ ಬೆಳಕು ಹರಿಯುವ ತಿರುಳು ಸುಮಾರು 9 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು), ಅದರ ಸುತ್ತಲಿನ ಗಾಜು ಸೇರಿ 125 ಮೈಕ್ರಾನ್. ಮನೆ ಇಂಟರ್ನೆಟ್‌ಗೆ ಇದೇ ಬೇಕು. ಮಲ್ಟಿಮೋಡ್ ಎಂದು ಇನ್ನೊಂದು ಜಾತಿ ಇದೆ. ಅದರ ತಿರುಳು 50 ಅಥವಾ 62.5 ಮೈಕ್ರಾನ್, ಕಟ್ಟಡದ ಒಳಗೆ ಸರ್ವರ್‌ಗಳ ನಡುವೆ ಬಳಸುತ್ತಾರೆ. ಕಿತ್ತಳೆ, ತಿಳಿ ಹಸಿರು-ನೀಲಿ ಬಣ್ಣದ ಹೊದಿಕೆ ಇದ್ದರೆ ಸಾಮಾನ್ಯವಾಗಿ ಅದು. ಆಫೀಸಿನಲ್ಲಿ ಮಿಕ್ಕಿದ್ದು ಎಂದು ಯಾರಾದರೂ ಅದನ್ನು ತಂದುಕೊಟ್ಟರೆ ಹಾಕಬೇಡಿ. ಅಗಲವಾದ ತಿರುಳಿನಿಂದ 9 ಮೈಕ್ರಾನ್‌ನ ತಿರುಳಿಗೆ ಬೆಳಕು ಇಳಿಯುವಾಗ ಹೆಚ್ಚಿನದೆಲ್ಲ ಹೊರಗೇ ಚೆಲ್ಲಿಹೋಗುತ್ತದೆ. ಹಳದಿ ಹೊದಿಕೆ ಸಾಮಾನ್ಯವಾಗಿ ಸಿಂಗಲ್ ಮೋಡ್, ಆದರೆ ನಿಮ್ಮದೇ ಬಿಳಿ ಕೇಬಲ್ ನೋಡಿ, ಅದೂ ಸಿಂಗಲ್ ಮೋಡ್. ಹೊದಿಕೆಯ ಬಣ್ಣಕ್ಕಿಂತ ಅಚ್ಚನ್ನು ನಂಬಿ.

ಸಿಂಪ್ಲೆಕ್ಸ್ ಅಂದರೆ ಒಂದೇ ಎಳೆ. ಜೋಡಿ ಎಳೆಯದ್ದು ಬೇಡ. ಒಂದೇ ಗಾಜಿನಲ್ಲಿ ನಿಮಗೆ ಬರುವುದು 1490 ನ್ಯಾನೋಮೀಟರ್‌ನಲ್ಲಿ, ನೀವು ಕಳಿಸುವುದು 1310ರಲ್ಲಿ. ಎದುರುಬದುರು ಓಡಿದರೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ನಿಮ್ಮ ಗಣಿತದ ವಿಡಿಯೊ ಹೋಗುವುದು ಆ 1310ರಲ್ಲೇ.

ಈಗ ಜಿ.657.ಎ2. ಬಾಗಿದರೂ ಬೆಳಕು ಕಡಿಮೆ ಸೋರುವ ಎಳೆಯ ಜಾತಿ ಇದು. ದಯವಿಟ್ಟು ಇದನ್ನು ಬಿಡಬೇಡಿ, ಯಾಕೆಂದರೆ ನಿಮ್ಮ ದಾರಿಯಲ್ಲಿ ಮೂರು ಮೂಲೆ ಇವೆ. ನೀವು ತಂದ ಹಳದಿ ಕೇಬಲ್‌ನ ಜಿ.652.ಡಿ ಎಳೆಯನ್ನು 30 ಮಿಲಿಮೀಟರ್‌ಗಿಂತ ಬಿಗಿಯಾಗಿ ಬಾಗಿಸಬಾರದು. ಅಂದರೆ ಬಾಗಿದಾಗ ಆಗುವ ಸುತ್ತಿನ ಅಡ್ಡಳತೆ 6 ಸೆಂಟಿಮೀಟರ್ ಇರಬೇಕು. ಗೋಡೆಯ ಮೂಲೆಯಲ್ಲಿ ಅದು ಸಾಧ್ಯವಿಲ್ಲ, ಕೇಬಲ್ ಗೋಡೆ ಬಿಟ್ಟು ಎದ್ದು ನಿಲ್ಲುತ್ತದೆ. ಜಿ.657ರಲ್ಲಿ ಎ1 ಇದ್ದರೆ 10 ಮಿಲಿಮೀಟರ್‌ವರೆಗೆ ಬಾಗುತ್ತದೆ, ಎ2 ಇದ್ದರೆ ಏಳೂವರೆ. ಬಾಗು ಬಿಗಿಯಾದರೆ ಬೆಳಕು ತಿರುಗಲಾರದೆ ಗಾಜಿನ ಪಕ್ಕದಿಂದ ಸೋರುತ್ತದೆ. ಅಲೆಯುದ್ದ ಜಾಸ್ತಿ ಇದ್ದಷ್ಟು ಸೋರುವುದೂ ಜಾಸ್ತಿ. ಮುಂದೆ ನೀವು ಎಕ್ಸ್‌ಜಿಎಸ್ ಪಾನ್ ಎನ್ನುವ 10 ಗಿಗಾಬಿಟ್‌ನ ಸಂಪರ್ಕಕ್ಕೆ ಹೋದರೆ ಬರುವ ಬೆಳಕು 1577ರಲ್ಲಿ ಇರುತ್ತದೆ. ಇವತ್ತು ತೊಂದರೆ ಕೊಡದ ಬಾಗು ಅವತ್ತು ತೊಂದರೆ ಕೊಡಬಹುದು. ಎ2 ಎಳೆ ಹೊರಗಿನ ಜಿ.652 ಎಳೆಯ ಜೊತೆ ಚೆನ್ನಾಗಿ ಹೊಂದುತ್ತದೆ, ಆ ಭಯ ಬೇಡ.

ಎಲ್‌ಎಸ್‌ಝಡ್‌ಎಚ್ ಅಂದರೆ ಬೆಂಕಿ ತಗುಲಿದರೂ ಹೊಗೆ ಕಡಿಮೆ, ವಿಷದ ಅನಿಲ ಕಡಿಮೆ ಬಿಡುವ ಹೊದಿಕೆ. ಮನೆಯೊಳಗೆ ಅದೇ ಇರಲಿ.

ಹಳೆಬೀರು

ಬಾಗಿನ ವಿಷಯ ಬಂದದ್ದರಿಂದ ನನ್ನದೂ ಹೇಳುತ್ತೇನೆ. ಮಲಗುವ ಕೋಣೆಯಲ್ಲಿ ಬೀರು ಸರಿಸಿ ಗೋಡೆಗೆ ಒತ್ತಿ ಇಟ್ಟೆವು. ಮರುದಿನದಿಂದ ಸಂಪರ್ಕ ನಿಧಾನ, ಮೂರನೇ ದಿನ ಪೂರ್ತಿ ಕೆಂಪು ದೀಪ. ಹೊರಗಿನ ಲೈನಿನದ್ದೇ ತಪ್ಪು ಎಂದು ಮೂರು ಸಲ ದೂರು ಕೊಟ್ಟೆ. ಬಂದ ಹುಡುಗ ಒಂದು ಪೆನ್ನಿನಂಥ ಲೇಸರ್ ಹಚ್ಚಿ ಕೇಬಲ್‌ನೊಳಗೆ ಕೆಂಪು ಬೆಳಕು ಬಿಟ್ಟ, ಕೋಣೆಯ ದೀಪ ಆರಿಸಿದ. ಬೀರುವಿನ ಹಿಂದೆ, ನೆಲದ ಹತ್ತಿರ, ಕೇಬಲ್ ಕೆಂಡದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಬೀರುವಿನ ಕಾಲು ಅದನ್ನು ಮಡಚಿ ಒತ್ತಿಬಿಟ್ಟಿತ್ತು. ಬೆಳಕು ಸೋರುವುದು ಅಂದರೆ ಏನು ಎಂದು ಅವತ್ತು ಕಣ್ಣಾರೆ ಕಂಡೆ.

ಎ2 ತಂದರೂ ಮಡಚಿದರೆ ಉಳಿಯುವುದಿಲ್ಲ. ಬಾಗಿಲ ಸಂದಿನಲ್ಲಿ, ಕಿಟಕಿ ಜಾರುವ ಕಡೆ ಹಾಯಿಸಬೇಡಿ. ಮೊಳೆ ಕ್ಲಿಪ್ ಹೊಡೆಯುವಾಗ ಕೇಬಲ್ ಒಳಗೆ ಆಡುವಷ್ಟು ಸಡಿಲ ಇರಲಿ.

ತಾಮ್ರತಂತಿ

ನನ್ನದು ಬೇರೆ ಅಭಿಪ್ರಾಯ. ಫೈಬರನ್ನು ಮುಟ್ಟಲೇಬೇಡಿ. ಮೋಡೆಮ್ ಈಗಿರುವಲ್ಲೇ ಇರಲಿ, ಅಲ್ಲಿಂದ ಮೇಲಿನ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆದು ಅಲ್ಲಿ ಇನ್ನೊಂದು ವೈಫೈ ರೂಟರ್ ಇಡಿ. ಕ್ಯಾಟ್ 5ಇ ಕೇಬಲ್ ಕೂಡ 100 ಮೀಟರ್‌ವರೆಗೆ 1 ಗಿಗಾಬಿಟ್ ಸಾಗಿಸುತ್ತದೆ, ನಿಮಗೆ ಬೇಕಿರುವುದು 13 ಮೀಟರ್. ಕ್ಯಾಟ್ 6 ಆದರೆ ಮುಂದೆ 10 ಗಿಗಾಬಿಟ್‌ಗೂ ಈ ದೂರಕ್ಕೆ ತೊಂದರೆ ಇಲ್ಲ. ಮಡಚಿದರೂ ಫೈಬರ್‌ನಷ್ಟು ಬೇಗ ಕೆಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೋಡೆಮ್ ಮೇಲೆ ಹೋದರೆ ಕೆಳಗಿನವರಿಗೆ ವೈಫೈ ಎಲ್ಲಿ? ಇವತ್ತು ನಿಮಗಿರುವ ತೊಂದರೆ ನಾಳೆ ಅವರಿಗೆ.

ಒಂದೇ ಎಚ್ಚರ: ಒಳಗಿನ ತಂತಿ ಪೂರ್ತಿ ತಾಮ್ರ ಇರಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟದ್ದು ಸಿಸಿಎ ಎಂದು ಬರುತ್ತದೆ, ಅದು ಬೇಡ.

ಗಾಜಿನೆಳೆ

ತಾಮ್ರತಂತಿ ಅವರ ಮಾತನ್ನು ನಾನು ಒಪ್ಪುತ್ತೇನೆ. ನಾನು ಗಾಜಿನ ಕೆಲಸದವನಾದರೂ ಹತ್ತರಲ್ಲಿ ಏಳು ಮನೆಗೆ ಇದನ್ನೇ ಹೇಳುತ್ತೇನೆ. ಮೇಡಂ, ನೀವು ಮೋಡೆಮನ್ನೇ ಮೇಲೆ ತರಲು ಬೇರೆ ಕಾರಣ ಏನಾದರೂ ಇದೆಯಾ?

ಮೇಲಿನಕೋಣೆ

ಇದೆ ಸಾರ್. ಮೊದಲೇ ಬರೆಯಬೇಕಿತ್ತು. ಗೋಡೆಯೊಳಗೆ ಮೇಲಕ್ಕೆ ಹೋಗಲು ಇರುವುದು ಒಂದೇ ಪೈಪ್, ಅದರಲ್ಲಿ ಮೇಲಿನ ಮಹಡಿಯ ಕರೆಂಟ್ ತಂತಿಗಳು ಇವೆ. ಅದರ ಜೊತೆ ಲ್ಯಾನ್ ಕೇಬಲ್ ಹಾಕಬಾರದು ಎಂದು ಎಲೆಕ್ಟ್ರಿಷಿಯನ್ ಖಡಾಖಂಡಿತ ಹೇಳಿದರು. ಹೊರಗಡೆಯಿಂದ ಹೋಗಬೇಕು, ಅಥವಾ ಮೆಟ್ಟಿಲ ಅಂಚಿನಲ್ಲಿ ಕಾಣುವ ಹಾಗೆ ಹೋಗಬೇಕು. ಮೆಟ್ಟಿಲಲ್ಲಿ ದಪ್ಪ ಕೇಬಲ್ ಕಾಣುವುದು ಅಮ್ಮನಿಗೆ ಇಷ್ಟವಿಲ್ಲ. ತೆಳ್ಳಗಿನ ಬಿಳಿ ಫೈಬರ್ ಆದರೆ ಗೋಡೆಯಲ್ಲಿ ಕಾಣುವುದೇ ಇಲ್ಲ.

ಕೆಳಗಿನವರ ವಿಷಯ ನಾನೂ ಯೋಚಿಸಿದ್ದೆ. ಅಪ್ಪ ಅಮ್ಮ ಕೂರುವ ಕೋಣೆ ಸರಿಯಾಗಿ ನನ್ನ ಕೋಣೆಯ ಕೆಳಗೇ ಇದೆ, ಮೆಟ್ಟಿಲ ಬಾಯಿಯೂ ಅಲ್ಲೇ. ಮೋಡೆಮನ್ನು ಮೆಟ್ಟಿಲ ತಲೆಯಲ್ಲಿ ಇಟ್ಟು ನೋಡಿದಾಗ ಅವರ ಫೋನಿಗೆ ಚೆನ್ನಾಗಿಯೇ ಬಂತು. ನನ್ನ ಕಂಪ್ಯೂಟರಿಗೆ ಅಲ್ಲಿಂದ ಚಿಕ್ಕ ಲ್ಯಾನ್ ಕೇಬಲ್ ಸಾಕು.

ಫೈಬರನ್ನು ಆ ಕರೆಂಟ್ ಪೈಪಿನಲ್ಲೇ ಹಾಯಿಸಬಹುದಾ?

ಗಾಜಿನೆಳೆ

ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದು ಸರಿ, ಅವರ ಮಾತು ಕೇಳಿ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ಪಕ್ಕದ ತಂತಿಯ ಗದ್ದಲವೂ ಅದಕ್ಕೆ ತಟ್ಟುವುದಿಲ್ಲ. ಅದು ನಿಜ. ಆದರೂ ಆ ಪೈಪಿನಲ್ಲಿ ನೀವೇ ಕೈ ಹಾಕಿ ಎಳೆಯುವುದನ್ನು ನಾನು ಒಪ್ಪುವುದಿಲ್ಲ. ಒಂದು, ಅಲ್ಲಿ ಕರೆಂಟ್ ಇದೆ. ಎರಡು, ತುದಿಯಲ್ಲಿರುವ ಎಸ್‌ಸಿ ಚೌಕ ತುಂಬಿದ ಪೈಪಿನಲ್ಲಿ ಹೋಗುವುದೇ ಇಲ್ಲ, ತುದಿ ಹಿಡಿದು ಎಳೆದರೆ ಗಾಜು ಒಳಗೇ ಮುರಿಯುತ್ತದೆ. ಮೂರು, ಕೆಲವು ಕೇಬಲ್‌ಗಳ ಒಳಗೆ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಹೊರಗಿನಿಂದ ಬರುವ ನಿಮ್ಮ ಕಪ್ಪು ಕೇಬಲ್‌ನಲ್ಲೂ ಇರಬಹುದು. ಅಂಥದ್ದು ಕರೆಂಟ್ ತಂತಿಯ ಜೊತೆ ಇರಲೇಬಾರದು.

ಮೆಟ್ಟಿಲ ಅಂಚೇ ಸರಿ. 2 ಮಿಲಿಮೀಟರ್ ದಪ್ಪದ ಬಿಳಿ ಕೇಬಲ್ ಕೇಳಿ, 3 ಮಿಲಿಮೀಟರ್‌ನದ್ದಕ್ಕಿಂತ ಮೂಲೆಯಲ್ಲಿ ಚೆನ್ನಾಗಿ ಕೂರುತ್ತದೆ. ಒಂದು ಮಿಲಿಮೀಟರ್‌ಗಿಂತ ತೆಳ್ಳಗಿನದೂ ಸಿಗುತ್ತದೆ, ಕಣ್ಣಿಗೆ ಕಾಣದಷ್ಟು. ಮಕ್ಕಳು ಓಡಾಡುವ ಮೆಟ್ಟಿಲಾದರೆ ಅದು ಬೇಡ. ಅಂಟಿನ ಟೇಪಿಗಿಂತ ಸಣ್ಣ ಪ್ಲಾಸ್ಟಿಕ್ ಪಟ್ಟಿ ಒಳ್ಳೆಯದು.

ಎಳೆಯುವಾಗ ತುದಿಯ ಮುಚ್ಚಳ ತೆಗೆಯಬೇಡಿ. ಸಿಕ್ಕಿಸುವ ಕ್ಷಣದಲ್ಲಿ ಮಾತ್ರ ತೆಗೆಯಿರಿ. ಬಿಚ್ಚಿದ ತುದಿಯನ್ನೋ ಸಾಕೆಟ್ಟನ್ನೋ ಕಣ್ಣಿಗೆ ಹಿಡಿದು ಬೆಳಕು ಬರುತ್ತಾ ಎಂದು ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಆದರೂ ಕಣ್ಣಿನೊಳಕ್ಕೆ ಹೋಗುತ್ತದೆ. ಇದನ್ನು ತಮ್ಮನಿಗೂ ಹೇಳಿ, ಮನೆಯ ಮಕ್ಕಳಿಗೂ ಹೇಳಿ.

ಮೇಲಿನಕೋಣೆ

ಒಂಬತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಸಾರ್ ಹೇಳಿದ ಸಾಲನ್ನು ಹಾಗೇ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಮೊದಲು ಕೇಳಿದ ಕಡೆ ಎರಡೂ ಹಸಿರಿನದ್ದನ್ನೇ ಮುಂದೆ ಇಟ್ಟರು. ಬೇಡ ಎಂದೆ. ಕೊನೆಗೆ ಒಂದು ಹಸಿರು, ಒಂದು ನೀಲಿ, ಜಿ.657.ಎ2, ಬಿಳಿ, 2 ಮಿಲಿಮೀಟರ್ ಸಿಕ್ಕಿತು. ತಮ್ಮನೂ ನಾನೂ ಸೇರಿ ಮೆಟ್ಟಿಲ ಅಂಚಿನಲ್ಲಿ ಹಾಯಿಸಿದೆವು. ಮೂಲೆಗಳಲ್ಲಿ ಒಂದು ಗ್ಲೂ ಸ್ಟಿಕ್ ಟ್ಯೂಬಿನ ಸುತ್ತ ತಿರುಗಿಸಿ ಬಾಗು ಕೊಟ್ಟೆವು. ಅದರ ಅಡ್ಡಳತೆ 24 ಮಿಲಿಮೀಟರ್ ಇತ್ತು, ಅಂದರೆ ಬಾಗು 12. ಏಳೂವರೆಗಿಂತ ಸಾಕಷ್ಟು ಸಡಿಲ.

ಸಿಕ್ಕಿಸಿದಾಗ −22.8 ತೋರಿಸುತ್ತಿದೆ. ಎರಡು ದಿನದಿಂದ ಒಮ್ಮೆಯೂ ಹೋಗಿಲ್ಲ. ಆದರೂ ಹಳೆಯದರಲ್ಲಿ −19.4 ಇತ್ತಲ್ಲ. ಮೂರೂವರೆ ಡಿಬಿ ಎಲ್ಲಿ ಹೋಯಿತು? ಅಂದರೆ ಅರ್ಧಕ್ಕಿಂತ ಜಾಸ್ತಿ ಬೆಳಕು. ಉದ್ದದಿಂದ ಅಲ್ಲ ಎಂದು ನೀವೇ ಹೇಳಿದ್ದೀರಿ.

ಗಾಜಿನೆಳೆ

ಲೆಕ್ಕ ಸರಿಯಾಗಿ ಹಿಡಿದಿದ್ದೀರಿ ಮೇಡಂ. −22.8ರಲ್ಲಿ ಕೆಲಸ ನಡೆಯುತ್ತದೆ, ಆದರೆ ಬಿಡಬೇಡಿ. ಅದು ಬಹಳ ಮಟ್ಟಿಗೆ ಕೊಳೆ. ತಿರುಳು 9 ಮೈಕ್ರಾನ್, ಮನೆಯ ದೂಳಿನ ಒಂದು ಕಣ ಅದಕ್ಕಿಂತ ದೊಡ್ಡದೇ ಇರಬಹುದು. ಅದು ಸರಿಯಾಗಿ ನಡುವೆ ಕೂತರೆ ಗುಹೆಯ ಬಾಯಿಗೆ ಬಂಡೆ ಇಟ್ಟ ಹಾಗೆ. ಹೊಸ ಕೇಬಲ್ ಅಂದ ಮಾತ್ರಕ್ಕೆ ತುದಿ ಚೊಕ್ಕ ಇರುತ್ತದೆ ಎಂದಲ್ಲ, ಮುಚ್ಚಳದ ಒಳಗಿನ ಕೊಳೆಯೇ ಅಂಟಿರುತ್ತದೆ. ನಿಮ್ಮ ಗೋಡೆ ಸಾಕೆಟ್ ಕೂಡ ಎರಡು ವಾರದಲ್ಲಿ ಎಷ್ಟು ಸಲ ಬಿಚ್ಚಿ ಹಾಕಿಸಿಕೊಂಡಿದೆ!

ಎರಡೂವರೆ ಮಿಲಿಮೀಟರ್‌ನ ಫೈಬರ್ ಕ್ಲೀನರ್ ಪೆನ್ ಎಂದು ಸಿಗುತ್ತದೆ. ಮೋಡೆಮ್ ಆರಿಸಿ. ಕೇಬಲ್‌ನ ಎರಡೂ ತುದಿಗೆ ಒತ್ತಿ ಕ್ಲಿಕ್ ಮಾಡಿ, ಪೆನ್ನಿನ ಮುಚ್ಚಳ ತೆಗೆದು ಅದನ್ನೇ ಗೋಡೆ ಸಾಕೆಟ್‌ನೊಳಗೂ ಒಮ್ಮೆ, ಮೋಡೆಮ್ ಸಾಕೆಟ್‌ನೊಳಗೂ ಒಮ್ಮೆ. ಪೆನ್ ಸಿಗದಿದ್ದರೆ ಎಳೆ ಬಿಡದ ಒರೆಸುವ ಕಾಗದಕ್ಕೆ ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಹಾಕಿ ಕೇಬಲ್ ತುದಿಯನ್ನು ಒಂದೇ ದಿಕ್ಕಿಗೆ ಒರೆಸಿ, ನಂತರ ಕಾಗದದ ಒಣ ಜಾಗದಲ್ಲಿ ಇನ್ನೊಮ್ಮೆ. ಬಾಯಿಂದ ಊದಬೇಡಿ, ಉಸಿರಿನ ತೇವ ಕೂರುತ್ತದೆ. ಅಂಗಿಯ ಅಂಚಿನಿಂದ ಒರೆಸಬೇಡಿ. ಬೆರಳು ತಾಗಿಸಬೇಡಿ.

ಆಮೇಲೂ ಹಾಗೇ ಇದ್ದರೆ ಮೂಲೆಗಳನ್ನು ಒಂದೊಂದಾಗಿ ಸಡಿಲ ಮಾಡಿ ಅಂಕಿ ನೋಡುತ್ತಾ ಹೋಗೋಣ.

ಮೇಲಿನಕೋಣೆ

ಪೆನ್ ಇವತ್ತು ಬಂತು. ಮೊದಲು ಮೋಡೆಮ್ ಕಡೆ ಮಾಡಿದೆ, −22.5. ಹೆಚ್ಚೇನೂ ಬದಲಾಗಲಿಲ್ಲ. ಆಮೇಲೆ ಗೋಡೆ ಕಡೆ, ತುದಿಗೂ ಸಾಕೆಟ್‌ಗೂ. ಪುಟ ತೆರೆದು ನೋಡಿದರೆ −19.6! ತಮ್ಮನನ್ನು ಕೂಗಿ ಕರೆದು ತೋರಿಸಿದೆ. ಹಳೆ 3 ಮೀಟರ್‌ಗೂ ಹೊಸ 15 ಮೀಟರ್‌ಗೂ 0.2 ಮಾತ್ರ ವ್ಯತ್ಯಾಸ. ಅವನು ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಹಾಗಾದ್ರೆ ನೂರು ಮೀಟರ್ ಆದ್ರೂ ಪರವಾಗಿಲ್ವಾ ಅಕ್ಕಾ" ಅಂದ.

ನಿನ್ನೆ ರಾತ್ರಿ ಭಿನ್ನರಾಶಿಯ ಪಾಠ ಕಳಿಸಿದೆ. ಮಲಗುವ ಮೊದಲೇ ಹೋಗಿ ಮುಗಿದಿತ್ತು.

ಎರಡೂವರೆ ಮೀಟರ್ ಉಳಿದಿದೆ. ಸುತ್ತಿ ಮೋಡೆಮ್ ಹಿಂದೆ ಇಡಬಹುದಾ? ಹಳೆ ಬಿಳಿ ಕೇಬಲ್ ಏನು ಮಾಡಲಿ?

ಗಾಜಿನೆಳೆ

ಅಂಗೈ ಅಗಲದ ಸುತ್ತು ಮಾಡಿ, 8-10 ಸೆಂಟಿಮೀಟರ್ ಇರಲಿ. ವೆಲ್ಕ್ರೊ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬಿಗಿಯಬೇಡಿ. ಹಳೆಯದಕ್ಕೆ ಎರಡೂ ಮುಚ್ಚಳ ಹಾಕಿ, ಒಂದು ಕವರಿನಲ್ಲಿಟ್ಟು ಗೋಡೆ ಡಬ್ಬಿಯ ಹತ್ತಿರವೇ ಇಟ್ಟುಕೊಳ್ಳಿ. ಯಾವತ್ತಾದರೂ ಕೆಂಪು ದೀಪ ಬಂದರೆ ಮೋಡೆಮನ್ನು ಕೆಳಗೆ ತಂದು ಅದನ್ನು ಹಾಕಿ ನೋಡಿ. ದೀಪ ಸರಿಹೋದರೆ ತೊಂದರೆ ನಿಮ್ಮ ಮೆಟ್ಟಿಲಲ್ಲಿದೆ, ಹೋಗದಿದ್ದರೆ ಬೀದಿಯಲ್ಲಿದೆ. ದೂರು ಕೊಡುವಾಗ ಆ ಅಂಕಿಯನ್ನೂ ಹೇಳಿ.

ನಿಮ್ಮ ತಮ್ಮನಿಗೆ ಹೇಳಿ, ನೂರು ಮೀಟರ್ ಆದರೂ ಪರವಾಗಿಲ್ಲ.